ಬರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಪಕ್ಕದ ಸೈಟು ಕೊಳ್ಳಬಹುದಾ?

ಪ್ರಶ್ನೆ: ಮಡಿಕೇರಿ ಹತ್ತಿರ ಗುಡ್ಡದ ಪಕ್ಕ ಒಂದು ಸೈಟು ನೋಡಿದ್ದೇವೆ. 2018ರ ಭೂಕುಸಿತ ನೆನಪಾದರೆ ಹೆದರಿಕೆ. ಕೊಳ್ಳಬಹುದಾ?
– ಓದುಗರೊಬ್ಬರು, ಮೈಸೂರು

ಉತ್ತರ: ಸೈಟು ನೋಡಿದ್ದು ಬೇಸಿಗೆಯಲ್ಲಿ, ಅಲ್ವಾ? ಆಗಸ್ಟಿನಲ್ಲಿ ಕೊಡೆ ಹಿಡಿದು ಇನ್ನೊಮ್ಮೆ ಬನ್ನಿ. ನಮ್ಮ ಕೊಡಗಿನಲ್ಲಿ ಗುಡ್ಡ ಕುಸಿದ ಕೆಟ್ಟ ದಿನಗಳು ಹೆಚ್ಚಾಗಿ ಆ ತಿಂಗಳಿನವೇ. 2018ರಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ. 2019ರಲ್ಲಿ ತೋರ ಗ್ರಾಮ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ.

ಸುಮ್ನೆ ಮಳೆಯನ್ನೇ ಬೈದರೆ ಆಗದು. ರಸ್ತೆಗೂ ಮನೆಗೂ ಇಳಿಜಾರು ಕಡಿದದ್ದೂ ಕಾರಣ ಅಂತ ಭೂವಿಜ್ಞಾನಿಗಳೇ 2018ರ ಕುಸಿತದ ನಂತರ ಹೇಳಿದ್ದರು. ಜೆಸಿಬಿ ತಂದು ಬರೆಯನ್ನು ನೆಟ್ಟಗೆ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ದಿನಗಟ್ಟಲೆ ನೀರು ಕುಡಿದ ಮಣ್ಣು ಭಾರವಾಗುತ್ತದೆ. ಒಳಗಿನ ನೀರಿನ ಒತ್ತಡಕ್ಕೆ ಹಿಡಿತ ಬಿಡುತ್ತದೆ. ಬ್ರೋಕರ್ 'ಒಳ್ಳೇ ವ್ಯೂ ಸಾರ್' ಅಂತಾನೆ. ನೀವು ವ್ಯೂಗೆ ಬೆನ್ನು ತಿರುಗಿಸಿ ಬರೆ ನೋಡಿ.

ನಮ್ಮ ಮನೆ ಹಿಂದೆಯೂ ಬರೆ ಇದೆ. ಜೋರು ಮಳೆಯಲ್ಲಿ ಟಾರ್ಚ್ ಹಿಡಿದು ಮೊದಲು ನೋಡುವುದು ಅದರ ಬುಡದ ಚರಂಡಿಯನ್ನು. ತಿಳಿನೀರು ಇದ್ದಕ್ಕಿದ್ದ ಹಾಗೆ ಕೆಂಪಾದರೆ, ಹೊಸ ಜಾಗದಲ್ಲಿ ಒರತೆ ಎದ್ದರೆ, ಮೇಲೆ ನೆಲ ಬಿರುಕು ಬಿಟ್ಟರೆ ಅಲ್ಲಿ ನಿಲ್ಲಬಾರದು. ಸಾಮಾನು ಕಟ್ಟುತ್ತಾ ಕೂರಬೇಡಿ.

ಹಾಗಂತ ಕುಶಾಲನಗರದ ಸಪಾಟು ಜಾಗವೇ ಸುಖ ಅಂತಲ್ಲ. 2018, 2019ರಲ್ಲಿ ಅಲ್ಲಿನ ಬಡಾವಣೆಗಳಿಗೆ ಕಾವೇರಿ ನುಗ್ಗಿತ್ತು. ನೀರು ಎಲ್ಲಿತನಕ ಬಂದಿತ್ತು ಅಂತ ಅಕ್ಕಪಕ್ಕದವರನ್ನೇ ಕೇಳಿ, ಗೋಡೆ ಮೇಲೆ ಕೈಯಿಟ್ಟು ತೋರಿಸುತ್ತಾರೆ.

ನಿಮ್ಮ ಸೈಟಿನ ಹಿಂದೆ ಹೊಸದಾಗಿ ಕಡಿದ ಬರೆ ಇದ್ದರೆ ನಾನಾದರೆ ಕೊಳ್ಳುವುದಿಲ್ಲ. ಅಡ್ವಾನ್ಸ್ ಕೊಟ್ಟಿಲ್ಲ ತಾನೇ?