ಹಳೆ ಸರ್ವರ್‌ಗೆ ಬಿಟ್ಟಿ ಸಿಕ್ಕ ಪಾರ್ಟ್ಸ್ ಹಾಕುವ ಮುಂಚೆ ಪವರ್ ಸಪ್ಲೈ ಪಕ್ಕಕ್ಕಿಡಿ

ನಿಮ್ಮ ಮನೆ ಸರ್ವರ್ ಐ5 2400 ಪ್ರೊಸೆಸರ್, ಎಚ್61 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್ ಇರುವ ಹಳೆ ಮೆಷೀನು. ಆಫೀಸಿನವರು ಬಿಸಾಕಿದ್ದರಲ್ಲಿ ಒಂದು ಐ7 3770 ಪ್ರೊಸೆಸರ್, ಎರಡು 8 ಜಿಬಿ ರ‍್ಯಾಮ್, ಒಂದು 650 ವ್ಯಾಟ್ ಮಾಡ್ಯುಲರ್ (ಕೇಬಲ್ಲುಗಳನ್ನು ಬಿಚ್ಚಿ ತೆಗೆಯಬಹುದಾದ) ಪವರ್ ಸಪ್ಲೈ, ಮೂರು 1 ಟಿಬಿ ಹಾರ್ಡ್ ಡಿಸ್ಕ್ ಸಿಕ್ಕಿವೆ, ಯಾವುದನ್ನು ಮೊದಲು ಹಾಕಲಿ ಅಂತ ಕೇಳಿದ್ದೀರಿ. ಪವರ್ ಸಪ್ಲೈ ಹಾಕಲೇಬೇಡಿ. ಉಳಿದದ್ದು ಆಮೇಲೆ ಹೇಳುತ್ತೇನೆ.

ನಮ್ಮ ಮನೆಯಲ್ಲೂ ಟಿವಿ ಹಿಂದೆ ಇಂಥದ್ದೇ ಒಂದು ಡಬ್ಬ ಇತ್ತು. ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೋ ಎಲ್ಲಾ ಅದರಲ್ಲೇ. ಎರಡು ಡಿಸ್ಕಿಗೆ ರೇಡ್ 1 ಮಿರರ್ ಮಾಡಿದ್ದೆ, ಅಂದರೆ ಎರಡರಲ್ಲೂ ಅದೇ ಡೇಟಾ, ಒಂದು ಹೋದರೆ ಇನ್ನೊಂದು ಇದೆಯಲ್ಲ ಅನ್ನೋ ಧೈರ್ಯ. ಪವರ್ ಸಪ್ಲೈ ಫ್ಯಾನು ಮಾತ್ರ ಕಿರ್ರೋ ಅಂತಿತ್ತು. ಅದೇ ಹೊತ್ತಿಗೆ ತಮ್ಮ ತನ್ನ ಗೇಮಿಂಗ್ ಮೆಷೀನಿಗೆ ದೊಡ್ಡ ಸಪ್ಲೈ ತಂದ, ಹಳೇದನ್ನು ನನಗೆ ಕೊಟ್ಟ. ನಂದೂ ಮಾಡ್ಯುಲರ್, ಅವನದೂ ಮಾಡ್ಯುಲರ್. ಡಿಸ್ಕುಗಳಿಗೆ ಹೋಗುವ ಕೇಬಲ್ಲನ್ನು ಕ್ಯಾಬಿನೆಟ್ ಹಿಂದೆ ಚೆನ್ನಾಗಿ ಟೈ ಹಾಕಿ ಬಿಗಿದಿದ್ದೆ. ಅದನ್ನೆಲ್ಲ ಕತ್ತರಿಸಿ ಮತ್ತೆ ಯಾರು ಕಟ್ತಾರೆ ಅಂತ ಹಳೆ ಕೇಬಲ್ಲನ್ನು ಹಾಗೇ ಬಿಟ್ಟು, ಅದರ ಈ ಕಡೆ ತುದಿಯನ್ನು ತಮ್ಮ ಕೊಟ್ಟ ಸಪ್ಲೈಗೆ ಒತ್ತಿದೆ. ಟಕ್ ಅಂತ ಕೂತಿತು. ಸ್ವಿಚ್ ಹಾಕಿದೆ. ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು, ಜೊತೆಗೆ ಸುಟ್ಟ ವಾಸನೆ.

ಏನಾಯಿತು ಅಂತ ಸ್ವಲ್ಪ ಜಾಸ್ತಿನೇ ಬಿಡಿಸಿ ಹೇಳುತ್ತೇನೆ, ಯಾಕಂದರೆ ಗೊತ್ತಿರುವವರೂ ಇಲ್ಲೇ ಎಡವುತ್ತಾರೆ. ಡಿಸ್ಕಿಗೆ ಚುಚ್ಚುವ ಸಾಟಾ ಪವರ್ ತುದಿಗೆ ಸ್ಟ್ಯಾಂಡರ್ಡ್ ಇದೆ. ಹದಿನೈದು ಪಿನ್, ಎಲ್ಲಿ 5 ವೋಲ್ಟ್, ಎಲ್ಲಿ 12 ವೋಲ್ಟ್ ಅನ್ನೋದು ಯಾವ ಕಂಪನಿಯಾದರೂ ಒಂದೇ. ಆದರೆ ಸಪ್ಲೈಗೆ ಚುಚ್ಚುವ ಆರು ಪಿನ್ನಿನ ತುದಿಗೆ ಅಂಥ ಯಾವ ನಿಯಮವೂ ಇಲ್ಲ. ಪ್ಲಗ್ಗಿನ ಆಕಾರ ಒಂದೇ ಇರಬಹುದು, ಒಳಗಿನ ತಂತಿಯ ಜಾಗ ಬೇರೆ. ಒಬ್ಬರು 12 ವೋಲ್ಟ್ ಇಟ್ಟ ತೂತಿನಲ್ಲಿ ಇನ್ನೊಬ್ಬರು 5 ವೋಲ್ಟ್ ಇಡುತ್ತಾರೆ. ಒಂದೇ ಕಂಪನಿಯ ಎರಡು ಮಾಡೆಲ್ ನಡುವೆಯೂ ಬೇರೆ ಇರಬಹುದು. ಹಳೆ ಕಾಲದ ಹಾಗೆ ಹಳದಿ ತಂತಿ 12, ಕೆಂಪು 5 ಅಂತ ನೋಡೋಣ ಅಂದರೆ ಈಗಿನ ಕೇಬಲ್ ಬಹಳಷ್ಟು ಪೂರ್ತಿ ಕಪ್ಪು. ನನ್ನ ಡಿಸ್ಕುಗಳ 5 ವೋಲ್ಟ್ ಲೈನಿಗೆ 12 ವೋಲ್ಟ್ ನುಗ್ಗಿತು. ಎರಡೂ ಡಿಸ್ಕು, ಓಎಸ್ ಇದ್ದ ಎಸ್‌ಎಸ್‌ಡಿ, ಮೂರೂ ಅದೇ ಕೇಬಲ್ಲಿನಲ್ಲಿದ್ದವು. ಮಿರರ್ ಏನು ಮಾಡುತ್ತೆ ಪಾಪ, ಅದರ ಎರಡೂ ಕಡೆಗೆ ಒಂದೇ ಕ್ಷಣದಲ್ಲಿ ಹೊಡೆತ ಬಿತ್ತಲ್ಲ.

ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಸಣ್ಣ ಅಂಗಡಿಗೆ ಮೂರನ್ನೂ ಒಯ್ದೆ. ಅಲ್ಲಿದ್ದವರು ಡಿಸ್ಕ್ ತಿರುಗಿಸಿ, ಪವರ್ ಕನೆಕ್ಟರ್ ಪಕ್ಕ ಅಕ್ಕಿಕಾಳಿನಷ್ಟು ದೊಡ್ಡದಿದ್ದ ಒಂದು ಕಪ್ಪು ಡಯೋಡಿನ ಎರಡೂ ಬದಿಗೆ ಮೀಟರ್ ಇಟ್ಟರು. ಬೀಪ್ ಅಂತು, ಅಂದರೆ ಅದು ಶಾರ್ಟ್ ಆಗಿತ್ತು. ಟಿವಿಎಸ್ ಡಯೋಡ್ ಅಂತಾರೆ, ವೋಲ್ಟೇಜ್ ಏರಿದರೆ ತಾನು ಶಾರ್ಟ್ ಆಗಿ ಹಿಂದಿನ ಚಿಪ್ಪನ್ನು ಉಳಿಸುವುದು ಅದರ ಕೆಲಸ. ಬಿಸಿಗಾಳಿ ಬಿಟ್ಟು ಚಿಮಟದಲ್ಲಿ ಎತ್ತಿದರು, ಸರಿಯಾದ ಸಪ್ಲೈ ಕೊಟ್ಟರು, ಡಿಸ್ಕ್ ತಿರುಗಿತು. "ಇನ್ಮೇಲೆ ಇದನ್ನ ಕಾಯೋಕೆ ಯಾರೂ ಇಲ್ಲ ಸಾರ್, ಇವತ್ತೇ ಕಾಪಿ ಮಾಡ್ಕೊಳ್ಳಿ" ಅಂದರು. ಇನ್ನೊಂದು ಡಿಸ್ಕಿನ ಮೋಟರ್ ಚಿಪ್ಪಿನಲ್ಲಿ ತೂತೇ ಬಿದ್ದಿತ್ತು. ಅದೇ ಮಾಡೆಲ್ ಡಿಸ್ಕಿನ ಬೋರ್ಡ್ ತಂದು ಹಾಕಿದರಾಯಿತಲ್ಲ ಅಂದೆ. ಅಷ್ಟು ಸುಲಭ ಇಲ್ಲವಂತೆ. ಆಯಾ ಡಿಸ್ಕಿನ ಹೊಂದಾಣಿಕೆ ಲೆಕ್ಕ ಬೋರ್ಡಿನ ROM ಚಿಪ್ಪಿನಲ್ಲಿರುತ್ತದೆ, ಅದನ್ನೂ ಕಿತ್ತು ಕೂರಿಸಬೇಕು. ಫೋಟೋ ಒಂದರಲ್ಲಿ ಸಿಕ್ಕಿತಲ್ಲ, ಬಿಟ್ಟೆ. ಎಸ್‌ಎಸ್‌ಡಿ ಎದ್ದೇಳಲೇ ಇಲ್ಲ. ಬಿಟ್ಟಿ ಸಪ್ಲೈಗೆ ನಾನು ತೆತ್ತ ದುಡ್ಡಿನಲ್ಲಿ ಹೊಸ ಸಪ್ಲೈ ಎರಡು ಬರುತ್ತಿತ್ತು.

ಈಗ ನಿಮ್ಮದು. ಆ 650 ವ್ಯಾಟ್ ಸಪ್ಲೈ ಅದರದ್ದೇ ಕೇಬಲ್ಲುಗಳ ಸಮೇತ ಬಂದಿದ್ದರೂ ನಿಮಗೆ ಬೇಡ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಿಮ್ಮ ಮೆಷೀನು ಸುಮ್ನೆ ಕೂತಾಗ 40-50 ವ್ಯಾಟ್ ಎಳೆದರೆ ಹೆಚ್ಚು. ಸಪ್ಲೈ ಕರೆಂಟ್ ಎಷ್ಟು ಪೋಲು ಮಾಡುತ್ತೆ ಅಂತ ಹೇಳುವ 80 ಪ್ಲಸ್ ಸರ್ಟಿಫಿಕೇಟಿಗೆ ಸಾಮಾನ್ಯವಾಗಿ ಅಳೆಯೋದು 20, 50, 100 ಪರ್ಸೆಂಟ್ ಲೋಡಿನಲ್ಲಿ, ನೀವು ಓಡಿಸೋದು ಹತ್ತು ಪರ್ಸೆಂಟ್ ಒಳಗೆ. ಇರುವ ಸಪ್ಲೈ ಕೆಟ್ಟರೆ 400-450 ವ್ಯಾಟಿನ ಹೊಸದೊಂದು ತನ್ನಿ, ಹಳೆ ಕೇಬಲ್ ಒಂದನ್ನೂ ಉಳಿಸಿಕೊಳ್ಳಬೇಡಿ.

ಐ7 ಹಾಕಬೇಕು ಅನ್ನೋ ನಿಮ್ಮ ಆಸೆನೇ ನನಗೆ ಅರ್ಥ ಆಗಲಿಲ್ಲ. ಫೋಟೋ ಬ್ಯಾಕಪ್ಪು, ಟಿವಿಗೆ ಸಿನಿಮಾ ಕಳಿಸುವ ಸಾಫ್ಟ್‌ವೇರ್ ಜೆಲ್ಲಿಫಿನ್‌ನಲ್ಲಿ ಸಿನಿಮಾ, ಇಷ್ಟೇ ತಾನೇ? ಗಿಗಾಬಿಟ್ ನೆಟ್‌ವರ್ಕಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 110 ಎಂಬಿ ಆಸುಪಾಸು ಹೋಗುತ್ತದೆ, ಅದಕ್ಕೆ ಐ5 ಬೆವರೂ ಹನಿಸಲ್ಲ. ಎಚ್‌ಇವಿಸಿ ಅನ್ನೋ ಫಾರ್ಮ್ಯಾಟಿನ ವೀಡಿಯೋ ಕನ್ವರ್ಟ್ ಮಾಡೋಕೆ ಹಾರ್ಡ್‌ವೇರ್ ಸಹಾಯ 3770ನಲ್ಲೂ ಇಲ್ಲ. ನಿಮ್ಮ ಟಿವಿ ಆ ಫೈಲನ್ನು ನೇರ ಓಡಿಸಿದರೆ ಕನ್ವರ್ಟ್ ಮಾಡೋದೇ ಬೇಕಾಗಲ್ಲ. ಮೇಲಾಗಿ ಹಳೆ ಎಚ್61 ಬೋರ್ಡಿಗೆ 3770 ಗುರುತು ಸಿಗಬೇಕಾದರೆ ಬಯಾಸ್ (ಬೋರ್ಡನ್ನು ಎಬ್ಬಿಸುವ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಬೇಕಾಗಬಹುದು, ಅದನ್ನು ಐ5 ಇದ್ದಾಗಲೇ ಮಾಡಬೇಕು, ಮಧ್ಯೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು.

ರ‍್ಯಾಮ್ ಧಾರಾಳವಾಗಿ ಹಾಕಿ. ಎಚ್61ಗೆ 16 ಜಿಬಿ ಮಿತಿ, ಸರಿಯಾಗಿ ಹೊಂದುತ್ತದೆ. ಡಿಡಿಆರ್3 ತಾನೇ ಅಂತ ನೋಡಿ. ಸರ್ವರ್‌ನಿಂದ ಕಿತ್ತ ರಿಜಿಸ್ಟರ್ಡ್ ಇಸಿಸಿ ಅನ್ನೋ ಬಗೆಯದಾಗಿದ್ದರೆ ಈ ಬೋರ್ಡಿನಲ್ಲಿ ಓಡಲ್ಲ. ಹಾಕಿದ ರಾತ್ರಿ, ಮೆಮರಿಯ ತಪ್ಪು ಹುಡುಕುವ ಮೆಮ್‌ಟೆಸ್ಟ್ ಓಡಲು ಬಿಟ್ಟು ಮಲಗಿ.

ಡಿಸ್ಕುಗಳಿಗೆ ಮೊದಲು ಸ್ಮಾರ್ಟ್ ರಿಪೋರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಲೆಕ್ಕ) ತೆಗೆಯಿರಿ. ಕೆಟ್ಟ ಜಾಗಗಳನ್ನು ಎಣಿಸುವ 5 ಮತ್ತು 197ನೇ ಸಾಲಿನ RAW ಕಾಲಮ್ಮಿನಲ್ಲಿ ಸೊನ್ನೆ ಬಿಟ್ಟು ಬೇರೇನಿದ್ದರೂ ಆ ಡಿಸ್ಕಿನಲ್ಲಿ ಫೋಟೋ ಇಡಬೇಡಿ. 199 ಏರುತ್ತಿದ್ದರೆ ಸಾಮಾನ್ಯವಾಗಿ ಡೇಟಾ ಕೇಬಲ್ಲಿನ ತಂಟೆ, ಬದಲಿಸಿ ನೋಡಿ. ಮೂರೂ ಚೆನ್ನಾಗಿದ್ದರೂ ಮೂರನ್ನೂ ಡಬ್ಬದೊಳಗೆ ತುರುಕಬೇಡಿ. ಒಂದನ್ನು ಯುಎಸ್‌ಬಿ ಕೇಸಿಗೆ ಹಾಕಿ, ತಿಂಗಳಿಗೊಮ್ಮೆ ಕಾಪಿ ಮಾಡಿ, ಅಕ್ಕನ ಮನೆಯಲ್ಲೋ ಅತ್ತೆ ಮನೆಯಲ್ಲೋ ಇಟ್ಟುಬನ್ನಿ. ಐ7 ಮಾರಿದರೆ ಕೇಸಿನ ದುಡ್ಡು ಹುಟ್ಟುತ್ತೆ. ಕೇಸಿನ ಜೊತೆ ಬರುವ 12 ವೋಲ್ಟ್ ಅಡಾಪ್ಟರ್ ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ 'ಡಿಸ್ಕ್' ಅಂತ ಬರೆದುಬಿಡಿ, ಲ್ಯಾಪ್‌ಟಾಪಿನ 19 ವೋಲ್ಟ್ ಪಿನ್ನೂ ಕೆಲವು ಸಲ ಅದೇ ತೂತಿಗೆ ಹೋಗುತ್ತದೆ.