ಕಾಡುಮರ ತೆಗೆದು ಸಿಲ್ವರ್ ಹಾಕುವ ಮೊದಲು

ನಮಸ್ಕಾರ ಅಣ್ಣ. ಮೂಡಿಗೆರೆ ಕಡೆ ಶೋಲಾ ಕಾಡಿಗೆ (ಎತ್ತರದ ಗುಡ್ಡಗಳ ಕಣಿವೆಯಲ್ಲಿರುವ ದಟ್ಟ ಹಸಿರು ಕಾಡು) ತಾಗಿದ ಅರೇಬಿಕಾ ಕಾಫಿ ತೋಟ ತಗೊಂಡಿದ್ದೀರಿ. ಹಳೇ ಕಾಡುಮರ ತೆಗೆಸಿ ಸಿಲ್ವರ್ (ಸಿಲ್ವರ್ ಓಕ್ ಮರ) ಹಾಕಿ ಮೆಣಸು ಹಬ್ಬಿಸಲಾ, ಮೇಲಿನ ಹುಲ್ಲುಗುಡ್ಡ ಬೋಳಾಗಿದೆ, ಅಲ್ಲೂ ಗಿಡ ನೆಟ್ಟರೆ ಕಾಡಿಗೆ ಒಳ್ಳೇದಾ ಅಂತ ಕೇಳಿದ್ದೀರಿ. ಎರಡೂ ಬೇಡ ಅಣ್ಣ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಸಿಲ್ವರ್ ಎಲ್ಲರಿಗೂ ಯಾಕೆ ಇಷ್ಟ ಅಂತ ಗೊತ್ತಿದೆ. ನೆಟ್ಟಗೆ, ಬೇಗ ಬೆಳೆಯುತ್ತದೆ. ಮೆಣಸಿನ ಬಳ್ಳಿಗೆ ಅನುಕೂಲ. ಕಡಿಯೋಕೆ ಅನುಮತಿ ಬೇಕಿಲ್ಲ. ಬೀಟೆ, ಹೊನ್ನೆ ಕಡಿಯಬೇಕಾದರೆ ಅರಣ್ಯ ಇಲಾಖೆಗೆ ಅಲೆಯಬೇಕು. ಕಾಡುಮರ ಸಾಕಿದವನಿಗೇ ತೊಂದರೆ ಜಾಸ್ತಿ ಅನ್ನುವ ಹಾಗಿದೆ ಈ ವ್ಯವಸ್ಥೆ, ನನಗೂ ಅದು ಸರಿ ಅನ್ನಿಸುವುದಿಲ್ಲ. ಆದರೆ ಸಿಲ್ವರ್ ಆಸ್ಟ್ರೇಲಿಯಾದ ಮರ. ಹೂವಿಗೆ ಜೇನು ಬರುತ್ತದೆ ನಿಜ, ಹಕ್ಕಿಗೆ ತಿನ್ನಲು ಹಣ್ಣಿಲ್ಲ. ಬರೀ ರೆಕ್ಕೆ ಇರುವ ಒಣ ಬೀಜ.

ನಿಮ್ಮ ಫೋಟೋದಲ್ಲಿ ಹಳ್ಳದ ಪಕ್ಕ ಒಂದು ದೊಡ್ಡ ಬಸರಿ, ಎರಡು ಅತ್ತಿ ಕಾಣುತ್ತಿವೆ. ಅವನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ಬಸರಿ, ಅತ್ತಿ, ಗೋಣಿ ಜಾತಿಯ ಮರಗಳು ಎಲ್ಲವೂ ಒಟ್ಟಿಗೆ ಹಣ್ಣು ಬಿಡುವುದಿಲ್ಲ. ಒಂದು ಮುಗಿಯುವಾಗ ಇನ್ನೊಂದು ಶುರು. ಕಾಡಿನಲ್ಲಿ ಬೇರೆ ಹಣ್ಣಿಲ್ಲದ ತಿಂಗಳಲ್ಲಿ ಮಂಗಟ್ಟೆ (ಹಾರ್ನ್‌ಬಿಲ್ ಹಕ್ಕಿ), ಕೆಂದಳಿಲು, ಪುನುಗು ಬೆಕ್ಕು, ಬಾವಲಿ ಎಲ್ಲಾ ಇವನ್ನೇ ನಂಬಿರುತ್ತವೆ. ಒಂದು ಅತ್ತಿ ಹಣ್ಣು ಒಡೆದು ನೋಡಿ, ಒಳಗೆ ಸಣ್ಣ ಸಣ್ಣ ಕಣಜದ ಹುಳ ಇರುತ್ತವೆ. ಆ ಮರದ ಹೂವಿಗೆ ಪರಾಗ ತರುವುದು ಅವೇ. ಸಾಮಾನ್ಯವಾಗಿ ಅತ್ತಿಯ ಕಣಜ ಅತ್ತಿಗೇ, ಬಸರಿಯದ್ದು ಬಸರಿಗೇ. ಸುತ್ತಮುತ್ತ ಮರ ಕಡಿಮೆಯಾದರೆ ಕಣಜವೂ ಉಳಿಯುವುದು ಕಷ್ಟ.

ಪೊಟರೆ ಇರುವ ಮುದಿ ಮರ ಇದ್ದರೆ ಅದನ್ನೂ ಬಿಡಿ. ಮಂಗಟ್ಟೆಗೆ ಪೊಟರೆ ಕೊರೆಯಲು ಬರುವುದಿಲ್ಲ, ಇರುವ ಪೊಟರೆಯೇ ಗೂಡು. ಬೇಸಿಗೆಯಲ್ಲಿ ಹೆಣ್ಣು ಒಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಒಂದು ಸೀಳು ಮಾತ್ರ ಉಳಿಯುತ್ತದೆ. ಗಂಡು ಹೊರಗಿನಿಂದ ಅದರಲ್ಲೇ ಹಣ್ಣು ಕೊಡುತ್ತದೆ. ಆ ಹೊತ್ತಲ್ಲಿ ಮರ ಉರುಳಿದರೆ ತಾಯಿ ಮರಿ ಎರಡೂ ಹೋದ ಹಾಗೆ. ಈ ಹಕ್ಕಿ ಉಗುಳಿದ ಬೀಜದಿಂದಲೇ ಎಷ್ಟೋ ಕಾಡುಮರ ಹುಟ್ಟುತ್ತವೆ ಅನ್ನೋದು ನೆನಪಿರಲಿ.

ಕಾಫಿ ಲೆಕ್ಕದಲ್ಲೂ ನೋಡಿ. ಕಾಫಿ ಗಿಡದ ಕಾಂಡ ಕೊರೆದು ಹಾಳುಮಾಡುವ ಬಿಳಿ ಕಾಂಡಕೊರಕದ ದುಂಬಿಗೆ ಬಿಸಿಲು ಬೀಳುವ ಗಿಡ ಇಷ್ಟ. ಏಪ್ರಿಲ್-ಮೇ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್, ಈ ಎರಡು ಹೊತ್ತಲ್ಲಿ ಹಾರಾಟ ಜಾಸ್ತಿ. ಹಳೇ ಮರ ಒಮ್ಮೆಲೇ ತೆಗೆದು ಸಿಲ್ವರ್ ಮೇಲೇಳುವವರೆಗೆ ತೋಟ ಬಯಲಾದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ನೆರಳು ಜಾಸ್ತಿ ಅನ್ನಿಸಿದರೆ ಮರಗಸಿ ಮಾಡಿಸಿ (ಕೊಂಬೆ ಮಾತ್ರ ಸವರಿಸಿ), ಬುಡ ಕಡಿಸಬೇಡಿ. ಮೆಣಸನ್ನು ಹಲಸು, ಹಾಲುವಾಣಕ್ಕೂ ಹಬ್ಬಿಸಬಹುದು.

ಹುಲ್ಲುಗುಡ್ಡದ ಮಾತು. ಅದು ಬೋಳಾದ ಕಾಡಲ್ಲ ಅಣ್ಣ, ಅದು ಇರುವುದೇ ಹಾಗೆ. ಮುಳ್ಳಯ್ಯನಗಿರಿಯಿಂದ ಕುದುರೆಮುಖದವರೆಗೆ ನೋಡಿ, ಕಣಿವೆಯ ಮಡಿಕೆಯಲ್ಲಿ ಶೋಲಾ, ನೆತ್ತಿಯಲ್ಲಿ ಹುಲ್ಲು. ಕಾಟಿ (ಕಾಡುಕೋಣ), ಕಡವೆ ಮೇಯುವುದು ಅಲ್ಲೇ. ಹುಲ್ಲಿನಲ್ಲೇ ಗೂಡು ಕಟ್ಟುವ ಹಕ್ಕಿಗಳೂ ಇವೆ. ನಮ್ಮ ಹೇಮಾವತಿ ಹುಟ್ಟುವ ಗುಡ್ಡಸಾಲಿನಲ್ಲೂ ಹುಲ್ಲಿನ ಬೇರೇ ಮಳೆನೀರು ಇಂಗಿಸುವುದು. ಅಕೇಶಿಯಾ ಹಾಕಿದರೆ ಹಸಿರು ಕಾಣಬಹುದು, ಹುಲ್ಲು ಸತ್ತುಹೋಗುತ್ತದೆ. ಅಲ್ಲಿಗೆ ನೀವು ಮಾಡಬಹುದಾದ ಒಳ್ಳೆ ಕೆಲಸ ಅಂದರೆ ಫೆಬ್ರವರಿ-ಮಾರ್ಚ್‌ನಲ್ಲಿ ನಿಮ್ಮ ತೋಟದ ಕಡೆಯಿಂದ ಬೆಂಕಿ ಹೋಗದ ಹಾಗೆ ನೋಡಿಕೊಳ್ಳುವುದು. ಬೇಲಿ ಅಂಚಿನ ಒಣಕಸ ಬೇಸಿಗೆಗೆ ಮುಂಚೆಯೇ ಎಳೆಸಿಬಿಡಿ, ಸುಡಬೇಡಿ.

ಖಾಲಿ ಜಾಗ ತುಂಬಬೇಕು ಅಂದರೆ ಬಸರಿ, ಗೋಣಿಯ ಗೂಟ ನೆಡಿ. ತೋಳಿನ ದಪ್ಪದ, ಆಳೆತ್ತರದ ಕೊಂಬೆ ಕಡಿದು, ಮೇಲಿನ ತುದಿಗೆ ಸಗಣಿ ಮೆತ್ತಿ, ಮಳೆ ಹಿಡಿದ ಮೇಲೆ ಜೂನ್‌ನಲ್ಲಿ ಹೂಳಿ. ಬುಡ ಅಲುಗಾಡದ ಹಾಗೆ ಮಣ್ಣು ತುಳಿಯಬೇಕು, ಅಲುಗಾಡಿದರೆ ಬೇರು ಬರುವುದಿಲ್ಲ. ಇನ್ನೊಂದು ಖರ್ಚಿಲ್ಲದ ದಾರಿ ಇದೆ. ಹಕ್ಕಿ, ಗಾಳಿ ತಂದ ಬೀಜದಿಂದ ಕಾಫಿ ಸಾಲಿನ ಮಧ್ಯೆ ನೇರಳೆ, ಸಂಪಿಗೆ, ನಂದಿ ಸಸಿ ತಾವಾಗಿಯೇ ಎದ್ದಿರುತ್ತವೆ. ಕಳೆ ಹೊಡೆಯುವ ಮಷಿನ್ ಅದನ್ನೂ ಸುಮ್ನೆ ಸವರಿಕೊಂಡು ಹೋಗುತ್ತದೆ. ಹಿಂದಿನ ದಿನವೇ ಒಂದು ಸುತ್ತು ಹೋಗಿ, ಬೇಕಾದ ಸಸಿಯ ಪಕ್ಕ ಕೋಲು ಚುಚ್ಚಿ ಕೆಂಪು ಬಟ್ಟೆ ಕಟ್ಟಿ. ಕೆಲಸದವರಿಗೆ ತೋರಿಸಿ ಹೇಳಿ.

ಹಳ್ಳದ ಎರಡೂ ದಡದಲ್ಲಿ ಕಳೆನಾಶಕ ಬೇಡವೇ ಬೇಡ. ತರಗೆಲೆ ಗುಡಿಸಬೇಡಿ. ಗೊದಮೊಟ್ಟೆ ಆಗದೆ, ಮೊಟ್ಟೆಯಿಂದ ನೇರ ಮರಿಕಪ್ಪೆಯಾಗಿ ಹೊರಬರುವ ಪೊದೆಗಪ್ಪೆಗಳು ನಮ್ಮ ಘಟ್ಟದಲ್ಲಿವೆ. ಅವುಗಳ ಮೊಟ್ಟೆ ಒಣಗದೆ ಉಳಿಯಬೇಕಾದರೆ ಆ ತಂಪು, ತೇವ ಬೇಕು.

ಸಸಿ ಗುರುತು ಸಿಗದಿದ್ದರೆ ಎಲೆಯ ಮುಂದೆ ಹಿಂದೆ ಎರಡೂ ಫೋಟೋ ತೆಗೆದು ಇಲ್ಲೇ ಹಾಕಿ. ಗೊತ್ತಿರುವವರು ಹೇಳುತ್ತಾರೆ, ಅಷ್ಟರವರೆಗೆ ಕೀಳಬೇಡಿ.