ಹಡಗು ಹತ್ತುವ ಮುಂಚೆ: ಸಕಲೇಶಪುರದಿಂದ ಒಂದು ಉದ್ದದ ಉತ್ತರ

ನಮ್ಮ ಕಾಫಿ ಬೆಳೆಗಾರರ ಗುಂಪಿನಲ್ಲಿ ಮೂಡಿಗೆರೆಯ ಗೆಳೆಯರು ಕೇಳಿರುವುದು ಇಷ್ಟು. ಮೇ ಕೊನೆಯ ವಾರ ಮುಂಬೈಯಿಂದ ಹೊರಡುವ ಕ್ರೂಸ್. ಗಂಡ ಹೆಂಡತಿ, ಇಬ್ಬರು ಮಕ್ಕಳು, ಜತೆಗೆ ಮಂಡಿ ನೋವಿನ ಅತ್ತೆ. ಒಂದು ಬಾಲ್ಕನಿ ರೂಮಿನಲ್ಲಿ ನಾಲ್ಕು ಜನ, ಅತ್ತೆಗೆ ಪ್ರತ್ಯೇಕ ರೂಮು ಅಂತ ಏಜೆಂಟ್ ಕೊಟೇಷನ್ ಕೊಟ್ಟಿದ್ದಾನೆ. ತಗೊಳ್ಳಬಹುದಾ, ಹತ್ತುವ ದಿನ ಏನೇನು ನೋಡಿಕೊಳ್ಳಬೇಕು ಅನ್ನುವುದು ಪ್ರಶ್ನೆ. ಕಾಫಿ ರೇಟು, ಗಿಡ ಕೊರೆಯುವ ಕಾಂಡಕೊರಕ ಹುಳುವಿನ ಮಾತಿನ ನಡುವೆ ಇಂಥದ್ದೊಂದು ಬಂತಲ್ಲ ಅಂತ ಖುಷಿಯಾಯಿತು. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇಜಾರಾಗಬೇಡಿ.

ನಾವು ಎರಡು ಸಲ ಹೋಗಿದ್ದೇವೆ, ಒಮ್ಮೆ ಮುಂಬೈಯಿಂದ, ಒಮ್ಮೆ ಸಿಂಗಾಪುರದಿಂದ. ಎರಡು ಸಲದಲ್ಲಿ ನನಗೆ ಗೊತ್ತಾಗಿದ್ದು, ರೂಮಿನ ದರ್ಜೆಯಲ್ಲಿ ದುಡ್ಡು ಉಳಿಸಬಹುದು. ರೂಮು ಇರುವ ಜಾಗದಲ್ಲಿ, ಮತ್ತೆ ಹಿಂದಿನ ದಿನದ ಲಾಡ್ಜಿನಲ್ಲಿ ಉಳಿಸಲು ಹೋಗಬಾರದು. ನಾನು ಮೊದಲ ಸಲ ಸರಿಯಾಗಿ ಉಲ್ಟಾ ಮಾಡಿದ್ದೆ.

ಮೊದಲು ದಿನಾಂಕ. ಮೇ ಕೊನೆಯ ವಾರ ಬೇಡ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಅದಕ್ಕೂ ಮುಂಚೆಯೇ ಅರಬ್ಬೀ ಸಮುದ್ರ ಕೆಡಲು ಶುರುವಾಗುತ್ತದೆ. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಲಕ್ಷದ್ವೀಪದಿಂದ ಮುಂಬೈವರೆಗೆ ಕರಾವಳಿಯನ್ನು ಹೇಗೆ ಬಡಿದುಕೊಂಡು ಹೋಯಿತು ಅಂತ ನೆನಪಿದೆಯಲ್ಲ? ಹಡಗು ಮುಳುಗುತ್ತದೆ ಅಂತ ಹೆದರಿಸುತ್ತಿಲ್ಲ. ಸಮುದ್ರ ಏಳುತ್ತಿದ್ದರೆ ಕ್ಯಾಪ್ಟನ್ ದಾರಿ ಬದಲಿಸುತ್ತಾನೆ, ಇಳಿಯಬೇಕಿದ್ದ ಊರು ತಪ್ಪುತ್ತದೆ. ಆ ಹಕ್ಕು ಅವರಿಗಿದೆ ಅಂತ ಟಿಕೆಟ್ಟಿನ ಷರತ್ತಿನಲ್ಲೇ ಇರುತ್ತದೆ.

ನಮ್ಮಂಥವರಿಗೆ ಸರಿಹೊಂದುವುದು ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರ. ಮೆಣಸು ಕುಯ್ದು ಒಣಗಿಸಿ ಆಗಿರುತ್ತದೆ. ಕಾಫಿ ಹೂ ಅರಳಿಸುವ ಹೂವಿನ ಮಳೆ, ಅದಾದ ಮೇಲೆ ಬರುವ ಬ್ಯಾಕಿಂಗ್ ಮಳೆ ಸರಿಯಾಗಿ ಬಂದಿದ್ದರೆ ಸ್ಪ್ರಿಂಕ್ಲರ್ ಪೈಪು ಎಳೆಯುವ ಕೆಲಸವೂ ಇರುವುದಿಲ್ಲ. ಮುಂಗಾರಿಗೆ ಮೊದಲಿನ ಗೊಬ್ಬರ, ರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆ ಶುರುವಾಗುವುದರೊಳಗೆ ಮನೆಗೆ ಬಂದುಬಿಡಬಹುದು. ಮಕ್ಕಳಿಗೂ ರಜೆ. ದಸರಾ ರಜೆಯೂ ಆಗುತ್ತದೆ, ಆದರೆ ರೇಟು ಜಾಸ್ತಿ. ವಾರದ ಮಧ್ಯೆ ಹೊರಡುವ ಹಡಗು ವಾರಾಂತ್ಯದ್ದಕ್ಕಿಂತ ಸಾಮಾನ್ಯವಾಗಿ ಅಗ್ಗ. ತೋಟದವರಿಗೆ ಭಾನುವಾರವಾದರೇನು, ಬುಧವಾರವಾದರೇನು.

ಮಂಗಳೂರಿನಿಂದಲೇ ಹತ್ತಬಹುದಲ್ವಾ ಅಂತ ಕೆಳಗೆ ಒಬ್ಬರು ಕೇಳಿದ್ದಾರೆ. ಪಣಂಬೂರಿನ ಬಂದರಿಗೆ ಕ್ರೂಸ್ ಹಡಗು ಬರುವುದು ನಿಜ. ಅವು ಹೆಚ್ಚಾಗಿ ವಿದೇಶಿ ಪ್ರವಾಸಿಗರನ್ನು ತಂದು, ಹಗಲು ಮೂಡಬಿದಿರೆ, ಕಾರ್ಕಳ ತೋರಿಸಿ, ಸಂಜೆ ವಾಪಸ್ ಕರೆದುಕೊಂಡು ಹೋಗುವ ಹಡಗುಗಳು. ನಮ್ಮಂಥವರು ಹತ್ತುವುದು ಮುಂಬೈಯಲ್ಲೇ. ಅಲ್ಲಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಓಡುವುದು ಕಾರ್ಡೀಲಿಯಾ ಅನ್ನುವ ಕ್ರೂಸ್ ಕಂಪನಿಯವರ ಎಂಪ್ರೆಸ್. 1990ರಲ್ಲಿ ಓಡಾಟ ಶುರುಮಾಡಿದ ಹಡಗು, ಆಗ ಅದರ ಹೆಸರು ನಾರ್ಡಿಕ್ ಎಂಪ್ರೆಸ್. ಆ ಕಾಲದ ಹಡಗಾದ್ದರಿಂದ ಬಾಲ್ಕನಿ ಇರುವ ರೂಮುಗಳು ಕಡಿಮೆ, ಅದಕ್ಕೇ ದುಬಾರಿ. ಒಳಗಿನ ರೂಮುಗಳು ಚಿಕ್ಕವು. ಟಿವಿಯಲ್ಲಿ ತೋರಿಸುವ ಹೊಸ ಹಡಗುಗಳನ್ನು ತಲೆಯಲ್ಲಿಟ್ಟುಕೊಂಡು ಹೋಗಬೇಡಿ.

ಈಗ ರೂಮಿನ ವಿಷಯ. ಏಜೆಂಟ್ ಕೊಟ್ಟಿರುವ ಲೆಕ್ಕ ನನಗೆ ಇಷ್ಟವಾಗಲಿಲ್ಲ. ಕ್ರೂಸಿನ ದರ ಇಬ್ಬರು ಒಂದು ರೂಮು ಹಂಚಿಕೊಳ್ಳುತ್ತಾರೆ ಅನ್ನುವ ಲೆಕ್ಕದ ಮೇಲೆ ನಿಂತಿರುತ್ತದೆ. ಒಬ್ಬರೇ ಇದ್ದರೂ ಹೆಚ್ಚು ಕಡಿಮೆ ಇಬ್ಬರ ದುಡ್ಡು ಕಟ್ಟಬೇಕಾಗುತ್ತದೆ. ನಿಮ್ಮ ಅತ್ತೆಗೆ ಬೀಳುತ್ತಿರುವುದು ಆ ಬರೆ. ಅದೇ ಮೂರನೆಯವರು, ನಾಲ್ಕನೆಯವರು ಅದೇ ರೂಮಿಗೆ ಬಂದರೆ ಅವರ ದರ ಕಡಿಮೆ, ಗೋಡೆಯಿಂದ ಇಳಿಸುವ ಬಂಕಿನಲ್ಲಿ ಮಲಗಬೇಕು ಅಷ್ಟೇ. ಹಾಗಾಗಿ ಐದು ಜನಕ್ಕೆ ಮೂರು ಮತ್ತು ಎರಡು ಅಂತ ಒಡೆಯಿರಿ. ನಿಮ್ಮ ಹೆಂಡತಿ, ಅತ್ತೆ, ಒಂದು ಮಗು ಒಂದು ಕಡೆ. ನೀವು ಮತ್ತು ಇನ್ನೊಂದು ಮಗು ಇನ್ನೊಂದು ಕಡೆ. ಎರಡೂ ಅಕ್ಕಪಕ್ಕ ಇರಲಿ, ಇಲ್ಲವೇ ಓಣಿಯ ಎದುರುಬದುರು. ಒಂದು ಬಾಲ್ಕನಿ ರೂಮಿಗಿಂತ ಎರಡು ಸಾಧಾರಣ ರೂಮು ಮೇಲು ಅಂತ ನಾನು ಯಾರಿಗಾದರೂ ಹೇಳುತ್ತೇನೆ. ಕಾರಣ ಒಂದೇ, ಎರಡು ಬಚ್ಚಲು. ಬೆಳಿಗ್ಗೆ ನಾಲ್ಕು ಜನ ಒಂದು ಬಚ್ಚಲಿನ ಮುಂದೆ ನಿಂತರೆ ಸಮುದ್ರ ನೋಡುವ ಮನಸ್ಸು ಯಾರಿಗಿರುತ್ತದೆ? ಕಿಟಕಿ ಬೇಕೇ ಬೇಕು ಅಂದರೆ ಒಂದನ್ನು ಓಷನ್ ವ್ಯೂ ಮಾಡಿಕೊಳ್ಳಿ. ಬೇಕಾದ ಹಾಗೆ ಓಡಾಡಿಕೊಂಡಿರಬಹುದು.

ಜಾಗ ಇದಕ್ಕಿಂತ ಮುಖ್ಯ. ಏತ ನೆನಪು ಮಾಡಿಕೊಳ್ಳಿ, ತುದಿ ಆಡುತ್ತದೆ, ನಡು ಅಲ್ಲೇ ಇರುತ್ತದೆ. ಹಡಗೂ ಹಾಗೇ. ಉದ್ದದಲ್ಲಿ ನಡುವಿನ ಭಾಗ, ಎತ್ತರದಲ್ಲಿ ಕೆಳಗಿನ ಮಹಡಿ, ಅಲ್ಲಿ ಕುಲುಕಾಟ ಕಡಿಮೆ. ಮೊದಲ ಸಲ ನಾನು ಯಾವ ರೂಮಾದರೂ ಸರಿ ಅನ್ನುವ ಗ್ಯಾರಂಟಿ ದರದಲ್ಲಿ ಬುಕ್ ಮಾಡಿದ್ದೆ. ಅಗ್ಗ ನಿಜ, ಆದರೆ ರೂಮು ಕೊನೆಗೆ ಅವರು ಕೊಟ್ಟದ್ದು. ನಮಗೆ ಸಿಕ್ಕಿದ್ದು ಹಡಗಿನ ಮೂತಿ. ನಸುಕಿನಲ್ಲಿ ಲಂಗರು ಬಿಟ್ಟಾಗ ಸರಪಳಿಯ ಸದ್ದಿಗೆ ನಮ್ಮಮ್ಮ ಎದ್ದು ಕೂತು, ಏನೋ ಮುರಿದುಬಿತ್ತು ಅಂತ ಎಲ್ಲರನ್ನೂ ಎಬ್ಬಿಸಿದರು. ಮಗಳು ಶಿರಾಡಿ ಘಾಟಿಯಲ್ಲೇ ವಾಂತಿ ಮಾಡುವವಳು, ಆ ರಾತ್ರಿ ಅವಳ ಗೋಳು ಕೇಳಬೇಡಿ. ಹಣ ಕಟ್ಟುವ ಮುಂಚೆ ರೂಮಿನ ನಂಬರ್ ಕೇಳಿ. ಹಡಗಿನ ಡೆಕ್ ಪ್ಲ್ಯಾನ್, ಅಂದರೆ ಮಹಡಿಗಳ ನಕ್ಷೆ, ನೆಟ್ಟಿನಲ್ಲಿ ಸಿಗುತ್ತದೆ. ನಿಮ್ಮ ರೂಮಿನ ಮೇಲೂ ಕೆಳಗೂ ಬೇರೆ ರೂಮುಗಳೇ ಇದ್ದರೆ ನೆಮ್ಮದಿ. ಮೇಲೆ ಈಜುಕೊಳವಿದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು. ಕೆಳಗೆ ಡ್ಯಾನ್ಸಿನ ಹಾಲ್ ಇದ್ದರೆ ನಡುರಾತ್ರಿವರೆಗೆ ಧಡಧಡ. ಅತ್ತೆಯ ಮಂಡಿಗಾಗಿ ಲಿಫ್ಟಿಗೆ ಹತ್ತಿರ ನೋಡಿ, ಆದರೆ ಲಿಫ್ಟಿನ ಎದುರಿಗೇ ಬೇಡ.

ಅತ್ತೆಯ ವಿಷಯದಲ್ಲೇ ಇನ್ನೊಂದು. ಲಕ್ಷದ್ವೀಪದಲ್ಲಿ ಇಷ್ಟು ದೊಡ್ಡ ಹಡಗು ದಡಕ್ಕೆ ಬಂದು ನಿಲ್ಲುವುದಿಲ್ಲ. ದೂರದಲ್ಲೇ ನಿಂತು ಚಿಕ್ಕ ದೋಣಿಗೆ ಇಳಿಸುತ್ತಾರೆ. ದೋಣಿ ಏರಿಳಿಯುತ್ತಿರುವಾಗ ಸರಿಯಾದ ಕ್ಷಣ ನೋಡಿ ಕಾಲಿಡಬೇಕು. ಮಂಡಿ ನೋವಿನವರಿಗೆ ಅದು ಆಗದ ಕೆಲಸ. ಗೋವಾ, ಕೊಚ್ಚಿಯಲ್ಲಾದರೆ ಹಡಗು ಧಕ್ಕೆಗೇ ಬಂದು ನಿಲ್ಲುತ್ತದೆ, ನಡೆದು ಇಳಿಯಬಹುದು. ಅವರನ್ನು ಕರೆದುಕೊಂಡು ಹೋಗುವುದಾದರೆ ಆ ದಾರಿಯೇ ಸರಿ. ವೀಲ್‌ಚೇರ್ ಬೇಕು ಅಂತ ಬುಕ್ ಮಾಡುವಾಗಲೇ ಬರೆಸಿ. ಬಂದರಿಗೆ ಹೋಗಿ ಕೇಳಿದರೆ ಕಾಯಬೇಕು.

ಏಜೆಂಟ್ ಹೇಳಿದ ಮೊತ್ತದಲ್ಲಿ ಏನೇನು ಸೇರಿದೆ ಅಂತ ಬರೆದುಕೊಡಲು ಹೇಳಿ. ರೂಮಿನ ದರ ಬೇರೆ, ಬಂದರು ಶುಲ್ಕ ಬೇರೆ, ತೆರಿಗೆ ಬೇರೆ, ಸಿಬ್ಬಂದಿಯ ಟಿಪ್ಸ್ ಬೇರೆ. ನಮ್ಮ ಮೊದಲ ಏಜೆಂಟ್ ಬರೀ ಮೊದಲನೆಯದನ್ನು ಹೇಳಿ ಮುಂಗಡ ಇಸಿದುಕೊಂಡಿದ್ದ. ಉಳಿದವು ಒಂದೊಂದಾಗಿ ಆಮೇಲೆ ಬಂದವು. ಹಣ ಕಟ್ಟಿದ ದಿನವೇ ಬುಕಿಂಗ್ ನಂಬರ್ ಕೇಳಿ, ಅದನ್ನು ಕ್ರೂಸ್ ಕಂಪನಿಯ ಸೈಟಿನಲ್ಲೇ ಹಾಕಿ ನೋಡಿ. ನಂಬರ್ ನಾಳೆ ಕೊಡುತ್ತೇನೆ ಅಂದರೆ ದುಡ್ಡೂ ನಾಳೆ. ರದ್ದು ಮಾಡಿದರೆ ಯಾವ ದಿನದವರೆಗೆ ಎಷ್ಟು ವಾಪಸ್ ಅನ್ನುವುದನ್ನೂ ಈಗಲೇ ಓದಿಕೊಳ್ಳಿ. ವಿದೇಶದ ಪ್ಯಾಕೇಜ್ ಆದರೆ ಟಿಸಿಎಸ್ ಅಂತ, ಹಣ ಕಟ್ಟುವಾಗಲೇ ವಸೂಲಿ ಮಾಡುವ ಆದಾಯ ತೆರಿಗೆ ಒಂದು ಹಿಡಿಯುತ್ತಾರೆ. ಅದು ನಿಮ್ಮ ಪ್ಯಾನ್ ಲೆಕ್ಕದಲ್ಲೇ ಇರುತ್ತದೆ, ರಿಟರ್ನ್ ಹಾಕಿದರೆ ಕೇಳಿ ಪಡೆಯಬಹುದು. ಬರೀ ಕೃಷಿ ಆದಾಯ, ನಾನು ರಿಟರ್ನೇ ಹಾಕುವುದಿಲ್ಲ ಅನ್ನುವವರು ಆ ವರ್ಷ ಹಾಕಲೇಬೇಕು, ಇಲ್ಲದಿದ್ದರೆ ಆ ದುಡ್ಡು ಅಲ್ಲೇ ಉಳಿಯುತ್ತದೆ.

ಕಾಗದಪತ್ರ. ನಮ್ಮ ಕಡೆಯವರಿಗೆ ದೊಡ್ಡ ತಲೆನೋವು ಹೆಸರಿನದ್ದು. ಆಧಾರ್‌ನಲ್ಲಿ ಎರಡು ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅವೇ ಬಿಡಿಸಿ ಬರೆದು ಊರು, ಅಪ್ಪನ ಹೆಸರು ಎಲ್ಲ. ಯಾವ ಗುರುತಿನ ಚೀಟಿ ತೋರಿಸಿ ಹತ್ತುತ್ತೀರೋ ಅದರಲ್ಲಿ ಇರುವ ಹಾಗೆಯೇ, ಒಂದಕ್ಷರ ಬದಲಾಗದ ಹಾಗೆ ಬುಕ್ ಮಾಡಿಸಿ. ಮುಂಬೈ-ಗೋವಾ ಅಂದರೆ ಆಧಾರ್ ಸಾಕು, ಮಕ್ಕಳದ್ದೂ ಬೇಕು. ಸಿಂಗಾಪುರದ ಕಡೆ ಯೋಚನೆ ಇದ್ದವರಿಗೆ ಎರಡು ಮಾತು. ಪಾಸ್‌ಪೋರ್ಟ್ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷ ಬಾಳುವುದು, ಅದು ಮುಗಿದಿರುವುದು ಎಷ್ಟೋ ಸಲ ಕೊನೆಗೆ ಗೊತ್ತಾಗುತ್ತದೆ. ಹಡಗು ಸಿಂಗಾಪುರ ಬಿಟ್ಟು ಮಲೇಷ್ಯಾಕ್ಕೋ ಥಾಯ್ಲೆಂಡಿಗೋ ಹೋಗಿ ಮತ್ತೆ ಸಿಂಗಾಪುರಕ್ಕೇ ಬರುತ್ತದೆ. ಹಾಗಾಗಿ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡುವ ವೀಸಾ ಬೇಕು. ಗರ್ಭಿಣಿಯರಿಗೆ 24 ವಾರ ತುಂಬಿದ ಮೇಲೆ, ಕೂಸಿಗೆ ಆರು ತಿಂಗಳು ಆಗುವ ತನಕ ಹೆಚ್ಚಿನ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ.

ಇನ್ನು ಹತ್ತುವ ದಿನ. ದಯವಿಟ್ಟು ಹಿಂದಿನ ದಿನವೇ ಮುಂಬೈ ಸೇರಿ. ನಾವು ಒಂದು ರಾತ್ರಿಯ ಲಾಡ್ಜ್ ದುಡ್ಡು ಉಳಿಸಲು ಅದೇ ದಿನ ಬೆಳಿಗ್ಗೆ ಮಂಗಳೂರಿನಿಂದ ವಿಮಾನ ಇಟ್ಟುಕೊಂಡಿದ್ದೆವು. ರಾತ್ರಿ ಶಿರಾಡಿಯಲ್ಲಿ ಲಾರಿಯೊಂದು ಅಡ್ಡ ನಿಂತು ಮಾರನಹಳ್ಳಿ ಹತ್ತಿರ ಎರಡು ಗಂಟೆ ಕೂತೆವು. ವಿಮಾನ ಹೇಗೋ ಸಿಕ್ಕಿತು, ಅದೂ ತಡವಾಯಿತು. ಹಡಗು ಹೊರಡುವ ಹೊತ್ತಿಗೆ ಬಂದರೆ ಸಾಕು ಅಂದುಕೊಳ್ಳಬೇಡಿ, ಸಾಮಾನ್ಯವಾಗಿ ಒಂದು, ಒಂದೂವರೆ ಗಂಟೆ ಮುಂಚೆಯೇ ಬಾಗಿಲು ಹಾಕುತ್ತಾರೆ. ನಾವು ಕೊನೆಯವರಾಗಿ ಒಳಗೆ ಹೋದೆವು. ನನ್ನ ಹೆಂಡತಿ ಗೋವಾ ಬರುವವರೆಗೆ ನನ್ನ ಜತೆ ಸರಿಯಾಗಿ ಮಾತಾಡಲಿಲ್ಲ. ನೀವು ಮೂಡಿಗೆರೆಯವರು, ಚಾರ್ಮಾಡಿ ಇಳಿಯಬೇಕು, ಅದರ ಗುಣ ನಾನು ಹೇಳಬೇಕಾ? ರೈಲಾದರೆ ಅರಸೀಕೆರೆ, ಬೀರೂರು ಮೇಲೆ ದಾದರ್‌ಗೆ ಹೋಗುವವು ಇವೆ. ನನಗೆ ಅದೇ ಇಷ್ಟ. ಬಂದರು ಇರುವುದು ಬಲ್ಲಾರ್ಡ್ ಪಿಯರ್‌ನಲ್ಲಿ, ಸಿಎಸ್‌ಎಂಟಿ ನಿಲ್ದಾಣಕ್ಕೆ ಹತ್ತಿರ. ಅಲ್ಲೇ ಎಲ್ಲಾದರೂ ರಾತ್ರಿ ಉಳಿದುಕೊಳ್ಳಿ.

ವೆಬ್ ಚೆಕ್-ಇನ್ ತೆರೆದ ದಿನವೇ ಮಾಡಿ. ಹತ್ತುವ ಸಮಯ ಆರಿಸಲು ಬಿಟ್ಟರೆ ಮೊದಲಿನದ್ದನ್ನೇ ತಗೊಳ್ಳಿ. ಸಾಲು ಚಿಕ್ಕದು, ಒಳಗೆ ಹೋದ ಕೂಡಲೇ ಮಧ್ಯಾಹ್ನದ ಊಟ, ಈಜುಕೊಳವೂ ಖಾಲಿ. ದೊಡ್ಡ ಬ್ಯಾಗುಗಳನ್ನು ಬಂದರಿನಲ್ಲೇ ಕೊಟ್ಟುಬಿಡಬೇಕು, ಅವು ರೂಮಿಗೆ ಬರುವುದು ಎಷ್ಟೋ ಗಂಟೆ ಆದ ಮೇಲೆ. ಅದಕ್ಕೆ ಒಂದು ಕೈಚೀಲ ಬೇರೆ ಇರಲಿ. ಅತ್ತೆಯ ಮಾತ್ರೆ, ಮಕ್ಕಳ ಈಜುಡುಗೆ, ಒಂದು ಜತೆ ಬಟ್ಟೆ, ಎಲ್ಲರ ಕಾಗದಪತ್ರ ಅದರಲ್ಲಿ. ಮಾತ್ರೆಯನ್ನು ಮಾತ್ರ ಯಾವತ್ತೂ ದೊಡ್ಡ ಬ್ಯಾಗಿಗೆ ಹಾಕಬೇಡಿ. ವಾಂತಿಯ ಮಾತ್ರೆ ಊರಿನಲ್ಲೇ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಹಡಗು ಹೊರಡುವ ಮೊದಲೇ ನುಂಗಬೇಕು, ತಲೆ ತಿರುಗಲು ಶುರುವಾದ ಮೇಲೆ ಅದು ಕೆಲಸ ಮಾಡುವುದು ಕಷ್ಟ.

ಇಸ್ತ್ರಿಪೆಟ್ಟಿಗೆ, ಕೆಟಲ್, ಚಾಕು, ಬೆಂಕಿಪೊಟ್ಟಣ, ಊದುಬತ್ತಿ ಇವೆಲ್ಲ ಸ್ಕ್ಯಾನರ್‌ನಲ್ಲಿ ಸಿಕ್ಕಿಬೀಳುತ್ತವೆ. ನಮ್ಮಮ್ಮನ ಊದುಬತ್ತಿ ಹಾಗೇ ಹೋಯಿತು. ಮನೆಯಲ್ಲಿ ಮಾಡಿದ ಅಡುಗೆಗೂ ಬಿಡುವುದಿಲ್ಲ, ಅಕ್ಕಿ ರೊಟ್ಟಿ ಗಂಟು ಕಟ್ಟಿಕೊಂಡು ಹೋಗಬೇಡಿ. ಕಾಫಿಪುಡಿ ಮತ್ತು ಸ್ಟೀಲ್ ಫಿಲ್ಟರ್ ಮಾತ್ರ ನಾನು ಒಯ್ದಿದ್ದೆ, ಯಾರೂ ಕೇಳಲಿಲ್ಲ. ಊಟದ ಹಾಲ್‌ನಲ್ಲಿ ಬಿಸಿನೀರು ಸಿಗುತ್ತದೆ. ಅಲ್ಲಿಯ ಮೆಷಿನ್ ಕಾಫಿ ಕುಡಿದು ಮೂರು ದಿನ ಕಳೆಯುವುದು ಬೆಳೆಗಾರನಿಗೆ ಆಗುವ ಮಾತಲ್ಲ.

ಹತ್ತಿದ ಮೇಲೆ ಸೇಫ್ಟಿ ಡ್ರಿಲ್ ಇರುತ್ತದೆ, ತಪ್ಪಿಸಿಕೊಳ್ಳಬೇಡಿ. 2012ರ ಜನವರಿಯಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ಬಡಿದು ವಾಲಿತಲ್ಲ, ಆಗ ಹಡಗಿನಲ್ಲಿದ್ದ ಎಷ್ಟೋ ಜನರಿಗೆ ಡ್ರಿಲ್ ಆಗಿಯೇ ಇರಲಿಲ್ಲ. 32 ಜನ ಸತ್ತರು. ಅದಾದ ಮೇಲೆ ಹೊರಡುವ ಮುಂಚೆಯೇ, ಇಲ್ಲವೇ ಹೊರಟ ಕೂಡಲೇ ಮಾಡಬೇಕು ಅಂತ ನಿಯಮ ಬಂತು. ಮಕ್ಕಳಿಗೆ ನಿಮ್ಮ ಗುಂಪು ಸೇರುವ ಜಾಗ ಯಾವುದು ಅಂತ ಬಾಯಿಪಾಠ ಮಾಡಿಸಿ.

ದಡ ಬಿಟ್ಟ ಕೂಡಲೇ ಫೋನ್ ಏರೋಪ್ಲೇನ್ ಮೋಡಿಗೆ ಹಾಕಿ. ಇಲ್ಲದಿದ್ದರೆ ಅದು ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದುಕೊಂಡು ರೋಮಿಂಗ್ ಬಿಲ್ ಏರಿಸುತ್ತದೆ. ಅಲ್ಲಿಯ ವೈಫೈ ದುಬಾರಿ. ತೋಟದ ಕೆಲಸ ನೋಡಿಕೊಳ್ಳುವ ರೈಟರ್‌ಗೆ ಹೇಳಿಬಿಡಿ, ಎರಡು ದಿನ ಫೋನ್ ಸಿಗುವುದಿಲ್ಲ, ಆನೆ ಬಂದರೆ ಅರಣ್ಯ ಇಲಾಖೆಗೇ ಮಾಡು ಅಂತ. ಒಳಗೆ ಖರ್ಚೆಲ್ಲ ರೂಮಿನ ಕಾರ್ಡಿನಲ್ಲಿ. ಮಕ್ಕಳ ಕಾರ್ಡಿನಲ್ಲಿ ಖರೀದಿ ಬಂದ್ ಮಾಡಿಸಿ, ಕೌಂಟರ್‌ನಲ್ಲಿ ಹೇಳಿದರೆ ಮಾಡುತ್ತಾರೆ. ಕೊನೆಯ ರಾತ್ರಿಯೇ ಬಿಲ್ ತೆಗೆಸಿ ನೋಡಿ. ಬೆಳಿಗ್ಗೆ ಹೋದರೆ ಅರ್ಧ ಹಡಗು ಆ ಸಾಲಿನಲ್ಲಿ ನಿಂತಿರುತ್ತದೆ. ವಾಪಸ್ ರೈಲು ಮಧ್ಯಾಹ್ನದ ಮೇಲಿನದ್ದೇ ಇರಲಿ.

ಏಜೆಂಟ್ ಕೊಟ್ಟ ಕೊಟೇಷನ್ ಫೋಟೋ ಇಲ್ಲಿ ಹಾಕಿ, ಹೆಸರು, ಫೋನ್ ನಂಬರ್ ಮುಚ್ಚಿ. ರೂಮಿನ ನಂಬರ್ ಇದ್ದರೆ ಡೆಕ್ ಪ್ಲ್ಯಾನ್ ನೋಡಿ ಹೇಳುತ್ತೇನೆ. ನಾಳೆ ಪಂಪ್‌ಸೆಟ್ ರಿಪೇರಿಯವನು ಬರುತ್ತಾನೆ, ಹಾಗಾಗಿ ಸಂಜೆ ಮೇಲೆ.